ಕೌದಿ ಹೊಲಿಸಿ ಒಂದೇ ಚಾಪೆ ಮೇಲೆ ಕೂರಿಸಿದ್ದು

ಸೌಹಾರ್ದ ಸಭೆ ಮಾಡಿಸಿದವರಿಗೆ ಗೊತ್ತೇ ಇರುತ್ತದೆ. ಮೈಕು, ಶಾಮಿಯಾನ, ಭಾಷಣ, ಊಟ, ಮುಗೀತು. ಉತ್ತರ ಕನ್ನಡದ ಹಳಿಯಾಳ ಕಡೆ ನಮ್ಮ ಚರ್ಚಿನಿಂದ ನಾನೂ ಎರಡು ಸಲ ಮಾಡಿಸಿದೆ. ಎರಡನೇ ಸಲಕ್ಕೆ ಹದಿನೆಂಟೋ ಇಪ್ಪತ್ತೋ ಸಾವಿರ ಹೋಯಿತು. ಫಾದರು, ಮೌಲ್ವಿಗಳು, ದೇವಸ್ಥಾನದ ಭಟ್ಟರು ಒಟ್ಟಿಗೆ ಕೂತರು, ಫೋಟೊ ಚೆನ್ನಾಗಿ ಬಂತು. ಊಟಕ್ಕೆ ಮಾತ್ರ ಸಿದ್ದಿಗಳು ಹಲಸಿನ ಮರದ ಕೆಳಗೆ ಬೇರೆಯೇ ಕೂತರು. ಯಾರೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಅಲ್ವಾ?

ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದವರ ವಂಶ ಅದು, ತಪ್ಪಿಸಿಕೊಂಡು ಈ ಕಾಡಿಗೆ ಬಂದವರದು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಬಸ್ಸಲ್ಲಿ ಹುಡುಗಿಯ ಗುಂಗುರು ಕೂದಲು ಎಳೆಯುವವನಿಗೆ ಅದೆಲ್ಲ ಬೇಕಾಗಿಲ್ಲ. ಅವರಲ್ಲೇ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ, ತಮ್ಮ ದೇವರು ಸಿದ್ದಿನಾಸ್‌ನ ಪೂಜೆಗೆ ಮೂವರೂ ಸೇರುತ್ತಾರೆ. ಸೌಹಾರ್ದದ ಪಾಠ ನಾವು ಹೇಳಲು ಹೋಗಿದ್ದು ಇಂಥವರಿಗೆ!

ಪ್ರತಿ ಸಲ ಬಡಿಸುವವರು ನಾವು, ಉಣ್ಣುವವರು ಅವರು. ಅದನ್ನು ತಿರುಗಿಸಬೇಕಿತ್ತು. ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಹೊಲಿಯುತ್ತಾರೆ. ಮೂಲೆಗಳಿಗೆ ಬಟ್ಟೆ ಮಡಚಿ ಹೂ ಇಡದಿದ್ದರೆ ಅವರ ಲೆಕ್ಕಕ್ಕೆ ಕೌದಿ ಬರಿಮೈ. ಇದನ್ನು ಅವರು ಕಲಿಸಲಿ, ಉಳಿದವರು ಕಲಿಯಲಿ ಎಂದೆ. ಸಮಿತಿಯವರು ನಕ್ಕರು.

ಮೊದಲ ಸಲ ಹೊಸ ಬಟ್ಟೆ ತಂದು ಮೂರು ಸಾವಿರ ದಂಡ. "ಇದಕ್ಕೆ ಸೂಜಿ ಇಳಿಯಲ್ಲ" ಎಂದು ಅಜ್ಜಿಯೊಬ್ಬರು ಪಕ್ಕಕ್ಕೆ ಎಸೆದರು. ಆಮೇಲೆ ಮನೆಮನೆಯಿಂದ ಹಳೇ ಸೀರೆ, ಲುಂಗಿ ಎತ್ತಿದೆ. ದೊಡ್ಡ ಜಮೀನಿನ ಮನೆಯಿಂದ ಸೀರೆ ಹೇಗೆ ಬಂತು ಅನ್ನೋದನ್ನು ಮಾತ್ರ ಹೇಳಲ್ಲ. ಕಲಿಸುವವರಿಗೆ ದಿನಕ್ಕೆ ಮುನ್ನೂರು, ಕಲಿಯುವವರಿಂದ ಇಪ್ಪತ್ತು ಫೀಸು. ಖಜಾಂಚಿ ತಿಂಗಳಿಡೀ ನನ್ನ ಹತ್ತಿರ ಮಾತಾಡಲಿಲ್ಲ. ಆದರೆ ಗುಟ್ಟಿರುವುದೇ ಆ ಫೀಸಿನಲ್ಲಿ. ದುಡ್ಡು ಕೊಟ್ಟವರು ಬಿಟ್ಟು ಹೋಗಲ್ಲ.

ಐದನೆಯದೋ ಆರನೆಯದೋ ವಾರ. ಜಮೀನ್ದಾರರ ಸೊಸೆಯ ಹೊಲಿಗೆ ಸೊಟ್ಟ ಹೋಗಿತ್ತು. ಅಜ್ಜಿ ಕನ್ನಡಕವನ್ನೂ ಎತ್ತದೆ ಬೆರಳಲ್ಲಿ ಸವರಿ ನೋಡಿ, ಕೊಂಕಣಿಯಲ್ಲಿ ಬಿಚ್ಚು ಎಂದರು. ಆಕೆ ಒಂದು ಗೇಣು ಬಿಚ್ಚಿದಳು. ಮತ್ತೆ ತಪ್ಪಿತು, ಮತ್ತೆ ಬಿಚ್ಚಿದಳು. ಚಹಾ ಬಂದಾಗ ಇಬ್ಬರೂ ಎದ್ದು ಬೇರೆ ಕಡೆ ಹೋಗಲಿಲ್ಲ.

ನಡುವೆ ಸುಮ್ನೆ ಸಿದ್ದಿಗಳ ಡೋಲು ದಮಾಮಿಯನ್ನು ಚರ್ಚಿನ ಹಾಡಿಗೆ ಸೇರಿಸಿ ನೋಡಿದೆ. ತಾಳ ಕೂಡಲಿಲ್ಲ, ಮಕ್ಕಳು ಮಾತ್ರ ಬಿಡುತ್ತಿಲ್ಲ.

ಮೊದಲ ಕೌದಿ ನಾಲ್ಕು ಸಾವಿರದ ಹತ್ತಿರಕ್ಕೆ ಮಾರಾಟವಾಯಿತು. ಈಗ ಮೂರನೆಯದು ನಡೆಯುತ್ತಿದೆ. ಅಜ್ಜಿ ದಿನಕ್ಕೆ ನಾನೂರು ಕೇಳುತ್ತಿದ್ದಾರೆ. ಕೊಡಲೇಬೇಕು.