ಉಸಿರಿಗೆ ನಾಲ್ಕು ಎಣಿಕೆ ಬಿಡಿ: ಚಾಂಟ್ ಮತ್ತು ಬೀಟ್ ಸೇರಿಸುವ ಬಗೆ

ನಾನು ಉಡುಪಿ ಹತ್ತಿರದ ಕಲ್ಯಾಣಪುರದವನು. ಮದುವೆ, ರೋಸ್ (ಮದುವೆಯ ಹಿಂದಿನ ದಿನ ಕ್ರೈಸ್ತರ ಮನೆಯಲ್ಲಿ ನಡೆಯುವ ಶಾಸ್ತ್ರ), ಯಕ್ಷಗಾನ, ಕೋಲ ಎಲ್ಲಕ್ಕೂ ಸೌಂಡ್ ಹಾಕುವುದು ನನ್ನ ಕೆಲಸ. ಭಾನುವಾರ ಬೆಳಿಗ್ಗೆ ಇಗರ್ಜಿಯ (ಚರ್ಚಿನ) ಕೊಯರ್‌ನಲ್ಲಿ, ಅಂದರೆ ಹಾಡುವವರ ಗುಂಪಿನಲ್ಲಿ, ಬೇಸ್ (ತಗ್ಗಿನ ದನಿ) ಹಾಡುತ್ತೇನೆ. ಎರಡು ವರ್ಷದಿಂದ ನಾವು ಆರು ಜನ ಗಂಡಸರು ಸೇರಿ ಗ್ರೆಗೋರಿಯನ್ ಚಾಂಟ್ (ಕ್ಯಾಥೊಲಿಕ್ ಪೂಜೆಯ ಹಳೆಯ ಲ್ಯಾಟಿನ್ ಹಾಡುಗಾರಿಕೆ) ಶೈಲಿಯಲ್ಲಿ ಕನ್ನಡ ಹಾಡು ಹಾಡಿ, ಅದಕ್ಕೆ ಬೀಟ್ ಸೇರಿಸುತ್ತಿದ್ದೇವೆ. ಹೇಗೆ ಮಾಡುವುದು ಅಂತ ತುಂಬಾ ಜನ ಕೇಳಿದ್ದಾರೆ. ನನಗೆ ಗೊತ್ತಿರುವುದನ್ನು ಇಲ್ಲಿ ಬರೆಯುತ್ತೇನೆ.

ಮೊದಲು ದಾರಿ ಆರಿಸಿಕೊಳ್ಳಿ. ಒಂದು, ಚಾಂಟನ್ನು ಇದ್ದ ಹಾಗೇ ಇಟ್ಟು ಕೆಳಗೆ ಬೀಟ್ ಹಾಕುವುದು. 1990ರಲ್ಲಿ ಎನಿಗ್ಮಾ ಎಂಬ ಜರ್ಮನಿಯ ಸಂಗೀತ ತಂಡ ಮಾಡಿದ್ದು ಇದನ್ನೇ. ಇನ್ನೊಂದು, ಈಗಿನ ಕಾಲದ ಹಾಡನ್ನೇ ಚಾಂಟ್ ರೀತಿಯಲ್ಲಿ ಹಾಡುವುದು. ಎನಿಗ್ಮಾದ ಮೊದಲ ಆಲ್ಬಂನಲ್ಲಿ ಕೆಲಸ ಮಾಡಿದ್ದ ಜರ್ಮನಿಯ ಫ್ರಾಂಕ್ ಪೀಟರ್ಸನ್ 'ಗ್ರೆಗೋರಿಯನ್' ಎಂಬ ತಂಡ ಕಟ್ಟಿದರು. 1999ರ 'ಮಾಸ್ಟರ್ಸ್ ಆಫ್ ಚಾಂಟ್' ಆಲ್ಬಂನಿಂದ ಅವರು ಹಿಡಿದದ್ದು ಈ ಎರಡನೇ ದಾರಿ. ನನಗೂ ಇದೇ ಇಷ್ಟ. ಬಲಿಪೂಜೆಯ ಪದಗಳನ್ನು ಕುಣಿತದ ಬೀಟ್ ಮೇಲೆ ಕೂರಿಸಲು ನನಗೆ ಮನಸ್ಸು ಬರುವುದಿಲ್ಲ.

ಹಾಡು ಆರಿಸುವಾಗ ಏಳು ಸ್ವರದೊಳಗೆ ನಿಲ್ಲುವಂಥದ್ದನ್ನೇ ಹುಡುಕಿ. ಪೀಟರ್ಸನ್ ತಂಡದ ನಿಯಮವೂ ಇದೇ. ಮಧ್ಯೆ ಮಧ್ಯೆ ಬೇರೆ ಸ್ವರ ನುಗ್ಗುವ ಸಿನಿಮಾ ಹಾಡು ಇಲ್ಲಿ ಸೋಲುತ್ತದೆ. ಕರ್ನಾಟಕ ಸಂಗೀತ ಕಲಿತವರಿಗೆ ಇದು ಸುಲಭ. ಚಾಂಟ್‌ನ ಡೋರಿಯನ್ ಮೋಡ್ (ಸ್ವರಗಳ ಜೋಡಣೆ) ಸ್ವರಗಳಲ್ಲಿ ಖರಹರಪ್ರಿಯ ರಾಗವೇ, ಮಿಕ್ಸೋಲಿಡಿಯನ್ ಅಂದರೆ ಹರಿಕಾಂಭೋಜಿ. ಆದರೆ ಗಮಕ ಪೂರ್ತಿ ಬಿಡಬೇಕು. ಸ್ವರವನ್ನು ನೇರವಾಗಿ ಹಿಡಿದು, ನೇರವಾಗಿ ಬಿಡಬೇಕು. ನಮ್ಮಲ್ಲಿ ಭಜನೆ ಹಾಡಿ ಅಭ್ಯಾಸ ಇದ್ದ ಒಬ್ಬರಿಗೆ ಇದಕ್ಕೇ ಎರಡು ತಿಂಗಳು ಬೇಕಾಯಿತು.

ಸಾಹಿತ್ಯ ನಾವೇ ಬರೆದೆವು, ಕಡಲಿನ ಬಗ್ಗೆ ಎಂಟು ಸಾಲು. ಬರೆಯಲು ಆಗದಿದ್ದರೆ ಹಳೆಯ ಕವಿಗಳ ಪದ್ಯ ತೆಗೆದುಕೊಳ್ಳಿ. ನಮ್ಮ ದೇಶದಲ್ಲಿ ಕವಿ ತೀರಿಹೋಗಿ 60 ವರ್ಷ ಕಳೆದರೆ ಅವರ ಬದುಕಿನಲ್ಲಿ ಅಚ್ಚಾದ ಪದ್ಯಗಳ ಹಕ್ಕು ಮುಗಿಯುತ್ತದೆ. ಪಂಜೆ ಮಂಗೇಶರಾಯರು 1937ರಲ್ಲಿ ಹೋದರು, ಗೋವಿಂದ ಪೈಗಳು 1963ರಲ್ಲಿ. ಇಬ್ಬರೂ ನಮ್ಮ ಕರಾವಳಿಯವರೇ. ಬೇರೆಯವರು ರೆಕಾರ್ಡ್ ಮಾಡಿದ ಚಾಂಟನ್ನು ಮಾತ್ರ ಅವರ ಅನುಮತಿ ಕೇಳದೆ ಕತ್ತರಿಸಿ ಹಾಕಬೇಡಿ. ಎನಿಗ್ಮಾ ಹಾಗೆ ಮ್ಯೂನಿಕ್‌ನ ಒಂದು ಕೊಯರ್‌ನ ದನಿ ಬಳಸಿ ವ್ಯಾಜ್ಯಕ್ಕೆ ಸಿಕ್ಕಿತ್ತು.

ಇನ್ನು ಹಾಡುವುದು. ಇದಕ್ಕೇ ಜಾಸ್ತಿ ಸಮಯ ಕೊಡಿ. ಚಾಂಟ್‌ಗೆ ತಾಳ ಇಲ್ಲ. ಎಲ್ಲರದೂ ಒಂದೇ ರಾಗದ ಎಳೆ, ಒಂದೇ ಸ್ವರ. ಮಾತು ಹೇಗೆ ಹರಿಯುತ್ತದೋ ಹಾಡು ಹಾಗೆ ಹರಿಯುತ್ತದೆ. ಲ್ಯಾಟಿನ್‌ನಲ್ಲಿ ಹುಟ್ಟಿದ ಈ ಕ್ರಮವನ್ನು ಕನ್ನಡಕ್ಕೆ ತರುವಾಗ ಒಂದು ತೊಡಕು ಬರುತ್ತದೆ. ಹ್ರಸ್ವ ಅಕ್ಷರವನ್ನು ಎಳೆದರೆ ಅರ್ಥವೇ ಕೆಡುತ್ತದೆ. 'ಕಡಲು' ಅಂತ ಬರೆದುಕೊಂಡು ನಾವು ಹಾಡಿದ್ದು 'ಕಾಡಲು'! ಹಾಗಾಗಿ ಎಳೆಯುವುದೆಲ್ಲ ದೀರ್ಘದ ಮೇಲೆ, ಇಲ್ಲವೇ ಸಾಲಿನ ಕೊನೆಯ ಅಕ್ಷರದ ಮೇಲೆ ಇರಲಿ. ಆ ಕೊನೆಯ 'ಉ' ಇದೆಯಲ್ಲ, ಅದನ್ನೂ ನೋಡಿಕೊಳ್ಳಬೇಕು. ತುಳು ಮಾತಾಡಿ ಬೆಳೆದವರ ಬಾಯಲ್ಲಿ ಅದು ಅರ್ಧ ಮಾತ್ರ ಬರುತ್ತದೆ, ಕೊಂಕಣಿಯವರದ್ದು ಬೇರೆ ರೀತಿ. ಆರೂ ಜನ ತುಟಿ ಒಂದೇ ಅಳತೆಗೆ ಗುಂಡಗೆ ಮಾಡಿದ ದಿನವೇ ನಮ್ಮ ದನಿ ಒಂದಾದದ್ದು. 'ಸ' ಬಂದಾಗ ಇಬ್ಬರು ಮಾತ್ರ ಹೇಳಿ, ಉಳಿದವರು ಬಿಡಿ. ಆರು ಜನರ 'ಸ' ಮೈಕ್‌ನಲ್ಲಿ ಕುಕ್ಕರ್ ಸೀಟಿಯ ಹಾಗೆ ಕೇಳುತ್ತದೆ.

ನಮ್ಮ ವಾಡೆಯಲ್ಲಿ (ಇಗರ್ಜಿಯ ವಾರ್ಡಿನಲ್ಲಿ) ಎಂಬತ್ತು ದಾಟಿದ ಒಬ್ಬ ಅಜ್ಜ ಇದ್ದಾರೆ. ಎರಡನೇ ವ್ಯಾಟಿಕನ್ ಸಭೆ (1962–65) ಆಗುವ ಮೊದಲು ಪೂಜೆ ಲ್ಯಾಟಿನ್‌ನಲ್ಲೇ ಇದ್ದಾಗ, ಹುಡುಗನಾಗಿ ಕೊಯರ್‌ನಲ್ಲಿ ಹಾಡಿದವರು. ನಮ್ಮ ಮೊದಲ ರೆಕಾರ್ಡಿಂಗ್ ಕೇಳಿ ಅವರು ಹೇಳಿದ್ದು ಇಷ್ಟೇ: "ಮಕ್ಕಳೇ, ನೀವು ಉಸಿರೇ ತೆಗೆಯುತ್ತಿಲ್ಲವಲ್ಲ."

ಹೌದು, ತೆಗೆಯುತ್ತಿರಲಿಲ್ಲ. ಆರೂ ಜನರ ಕಿವಿಗೆ ಕ್ಲಿಕ್ (ಲಯ ತೋರಿಸುವ ಟಿಕ್ ಟಿಕ್ ಸದ್ದು) ಕೊಟ್ಟಿದ್ದೆ. ಎಲ್ಲರೂ ಎಣಿಕೆಗೆ ಕಾಲಿಟ್ಟು ಕವಾಯತು ಮಾಡಿದ ಹಾಗೆ ಹಾಡಿದ್ದರು. ಅದನ್ನು ಮಿಕ್ಸ್ ಮಾಡಿದ ಸ್ಟುಡಿಯೋದಲ್ಲಿ ಒಬ್ಬೊಬ್ಬರ ದನಿಗೂ ಆಟೋಟ್ಯೂನ್ (ಸ್ವರ ತಿದ್ದುವ ಸಾಫ್ಟ್‌ವೇರ್) ಹಾಕಿದ್ದರು. ಜೀವ ಇರಲಿಲ್ಲ.

ಈಗ ಹೀಗೆ ಮಾಡುತ್ತೇವೆ. ಕ್ಲಿಕ್ ಒಬ್ಬರ ಒಂದು ಕಿವಿಗೆ ಮಾತ್ರ. ಅವರು ಕೈ ಎತ್ತಿ ಇಳಿಸಿ ತೋರಿಸುತ್ತಾರೆ, ಉಳಿದವರು ಆ ಕೈಯನ್ನೇ ನೋಡಿ ಹಾಡುತ್ತಾರೆ. ಸಾಲು ಶುರುವಾಗುವುದು ಎಣಿಕೆಗೆ ಸರಿಯಾಗಿ. ಒಳಗೆ ಪದಗಳು ತಮ್ಮ ಪಾಡಿಗೆ ಹರಿಯುತ್ತವೆ. ಲಯ ನಿಮಿಷಕ್ಕೆ 75. ಒಂದು ಸಾಲಿಗೆ 8 ಎಣಿಕೆ, ಅಂದರೆ ಸುಮಾರು ಆರೂವರೆ ಸೆಕೆಂಡು. ಅದರ ಮೇಲೆ 4 ಎಣಿಕೆ ಖಾಲಿ ಬಿಡಿ. ಮೂರು ಸೆಕೆಂಡು ಚಿಲ್ಲರೆ ಆಗುತ್ತದೆ. ಅಷ್ಟರಲ್ಲಿ ಹಾಡುವವರು ಆರಾಮಾಗಿ ಉಸಿರು ತುಂಬಿಕೊಳ್ಳಬಹುದು. ಆ ಖಾಲಿ ಜಾಗ ತುಂಬಿಸಲು ಗಿಟಾರ್‌ನವರು ತುದಿಗಾಲಲ್ಲಿ ಇರುತ್ತಾರೆ. ತುಂಬಿಸಲು ಬಿಡಬೇಡಿ. ಅಲ್ಲಿ ಪ್ರತಿಧ್ವನಿ ಕೇಳಬೇಕು.

ಪ್ರತಿಧ್ವನಿಗೆ ಜಾಗ ಹುಡುಕುವುದು ಚಪ್ಪಾಳೆಯಿಂದ. ಒಂದು ಸಲ ಜೋರಾಗಿ ತಟ್ಟಿ, ಸದ್ದು ಪೂರ್ತಿ ಸಾಯುವವರೆಗೆ ಎಣಿಸಿ. ಖಾಲಿ ಇಗರ್ಜಿಯಲ್ಲಿ ನಮಗೆ ಹತ್ತಿರ ಹತ್ತಿರ ಮೂರು ಸೆಕೆಂಡು ಸಿಕ್ಕಿತು, ಆ 4 ಎಣಿಕೆಗೆ ಸರಿಯಾಗಿ. ಫಾದರ್ ಹತ್ತಿರ ಮೊದಲೇ ಕೇಳಿ, ಏನು ಹಾಡುತ್ತೀರಿ ಅಂತ ಬರೆದು ತೋರಿಸಿ. ಅಂಥ ಜಾಗ ಸಿಗದಿದ್ದರೆ ಫ್ಲಾಟ್‌ನ ಮೆಟ್ಟಿಲ ಹತ್ತಿರ ನಿಂತು ನೋಡಿ. ಪೀಟರ್ಸನ್ ತಂಡದವರೂ ಸ್ಟುಡಿಯೋ ಬಿಟ್ಟು, ಚರ್ಚ್‌ನಲ್ಲಿ ದೀಪ ಸಣ್ಣ ಮಾಡಿ, ಮೇಣದ ಬತ್ತಿ ಹಚ್ಚಿ ಹಾಡಿಸಿದ್ದರು. ನಾವೂ ಟ್ಯೂಬ್‌ಲೈಟ್ ಆರಿಸುತ್ತೇವೆ. ಅದರ ಗುಯ್ ಸದ್ದೂ ಹೋಗುತ್ತದೆ.

ಅರ್ಧ ಚಂದ್ರಾಕಾರವಾಗಿ ನಿಂತು, ಮೈಕನ್ನು ಹತ್ತಡಿ ದೂರ, ತಲೆಗಿಂತ ಸ್ವಲ್ಪ ಮೇಲೆ ಇಡಿ. ಮೂರು ಸಲ ಹಾಡಿ, ಪ್ರತಿ ಸಲ ನಿಂತ ಜಾಗ ಬದಲಿಸಿ. ಆರು ಜನ ಹದಿನೆಂಟು ಜನರ ಹಾಗೆ ಕೇಳುತ್ತಾರೆ. ಒಂದೇ ಸಲ ಹಾಡಿದ್ದನ್ನು ಕಾಪಿ ಮಾಡಿದರೆ ಸದ್ದು ಜೋರಾಗುತ್ತದೆ ಅಷ್ಟೇ, ಜನ ಹೆಚ್ಚುವುದಿಲ್ಲ.

ಬೀಟ್‌ಗೆ ನಾನು ಗುಮಟೆ ಬಳಸುತ್ತೇನೆ. ಹೋಳಿ ಕುಣಿತಕ್ಕೆ ಕುಡುಬಿ ಸಮುದಾಯದವರು ಬಾರಿಸುವ ಮಣ್ಣಿನ ವಾದ್ಯ. ನಮ್ಮ ಕೊಂಕಣಿ ಕ್ರೈಸ್ತರ ಮನೆಗಳಲ್ಲೂ ಅದು ಇತ್ತು. ಕಂಪ್ಯೂಟರ್‌ನ ಕಿಕ್ (ದೊಡ್ಡ ಡ್ರಮ್ಮಿನ ಸದ್ದು) ಹಾಡುವ ದನಿಯನ್ನು ನುಂಗುತ್ತದೆ, ಗುಮಟೆಯ ಮಣ್ಣಿನ ಗುಂ ದನಿಯ ಕೆಳಗೆ ಮೆತ್ತಗೆ ಕೂರುತ್ತದೆ. ಅದರ ಜೊತೆ ಬೇಸ್ ಗಿಟಾರ್, ಒಂದು ಶ್ರುತಿ, ಸಾಕು. ದನಿಯಲ್ಲಿ 80 ಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸಿ ಬೇಸ್‌ಗೆ ಜಾಗ ಕೊಡಿ. ಕಾರ್ಡ್‌ಗಳನ್ನು ಎರಡು ಸಾಲಿಗೊಮ್ಮೆ ಬದಲಿಸಿ, ಅದಕ್ಕಿಂತ ಬೇಗ ಬೇಡ.

ರೆಕಾರ್ಡಿಂಗ್ ರಾತ್ರಿ ಹತ್ತರ ಮೇಲೆ ಇಟ್ಟುಕೊಳ್ಳಿ, ಫ್ಯಾನ್ ಆರಿಸಿ. ಏನೇ ಆಗಲಿ, ಮೇ ತಿಂಗಳೊಳಗೆ ಮುಗಿಸಿ. ಹಂಚಿನ ಮಾಡಿನ ಮೇಲೆ ಮಳೆ ಹಿಡಿದರೆ ಆಮೇಲೆ ಸೆಪ್ಟೆಂಬರ್‌ವರೆಗೆ ಮೈಕ್ ಹೊರಗೆ ತೆಗೆಯುವ ಹಾಗಿಲ್ಲ.