ಅಪ್ಪನ ಕೇಸಿನಲ್ಲಿ ಶಿಕ್ಷೆ ಸಾಲದು ಅಂತ ಅಪೀಲು ಹಾಕಿಸಿದ್ದು

2021ರಲ್ಲಿ ರಾಜಾಜಿನಗರದಲ್ಲಿ ಬೆಳಗ್ಗೆ ಹಾಲು ತರಲು ಹೋದ ಅಪ್ಪನಿಗೆ ಟೆಂಪೊ ಗುದ್ದಿತು. ಅವರು ಉಳಿಯಲಿಲ್ಲ. ಎರಡು ವರ್ಷ ಕೇಸು ನಡೆದು ಡ್ರೈವರ್ ತಪ್ಪಿತಸ್ಥ ಅಂತ ಮ್ಯಾಜಿಸ್ಟ್ರೇಟ್ ಕೋರ್ಟ್ ತೀರ್ಪು ಕೊಟ್ಟಿತು. ಶಿಕ್ಷೆ? ಆ ದಿನ ಕೋರ್ಟ್ ಏಳುವವರೆಗೆ, ಅಂದರೆ ಅಂದಿನ ಕಲಾಪ ಮುಗಿಯುವವರೆಗೆ ಸಜೆ, ಜೊತೆಗೆ ಐದು ಸಾವಿರ ದಂಡ. ಸಂಜೆ ಅವನು ಬೈಕ್ ಹತ್ತಿ ಹೋಗಿದ್ದನ್ನು ಅಮ್ಮ ಗೇಟಿನ ಹತ್ತಿರ ನಿಂತು ನೋಡಿದರು. ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದವರಿಗೆ ಹಾಕುವ ಐಪಿಸಿ (ಹಳೆಯ ದಂಡ ಸಂಹಿತೆ) 304ಎ ಕಲಮಿನಲ್ಲಿ ಎರಡು ವರ್ಷದವರೆಗೂ ಜೈಲು ಕೊಡಬಹುದಿತ್ತು.

ನಾನೇ ಅಪೀಲು ಹಾಕ್ತೀನಿ ಅಂದೆ. ನಮ್ಮ ವಕೀಲರು "ತಡಿಯಮ್ಮಾ" ಅಂದರು. ಆರೋಪಿ ಖುಲಾಸೆಯಾದರೆ, ಕೇಸನ್ನು ಸಣ್ಣ ಕಲಮಿಗೆ ಇಳಿಸಿದರೆ, ಪರಿಹಾರ ಸಾಲದಿದ್ದರೆ ನೊಂದವರು ಅಪೀಲು ಹಾಕಬಹುದು. ಶಿಕ್ಷೆ ಸಾಲದು ಅಂತ ಹಾಕಲು ಬರುವುದಿಲ್ಲ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಹೇಳಿದೆ. ಅದನ್ನು ಸರ್ಕಾರವೇ ಸರ್ಕಾರಿ ವಕೀಲರ ಕೈಲಿ ಹಾಕಿಸಬೇಕು. ಮ್ಯಾಜಿಸ್ಟ್ರೇಟ್ ಕೊಟ್ಟ ಶಿಕ್ಷೆಯಾದರೆ ಸೆಷನ್ಸ್ ಕೋರ್ಟಿಗೆ, 30 ದಿನದೊಳಗೆ. ಸೆಷನ್ಸ್ ಕೋರ್ಟ್ ಕೊಟ್ಟದ್ದಾದರೆ ಹೈಕೋರ್ಟಿಗೆ, 60 ದಿನ.

ತೀರ್ಪಿನ ದೃಢೀಕೃತ ನಕಲಿಗೆ ಮರುದಿನವೇ ಅರ್ಜಿ ಕೊಟ್ಟೆ. ನಕಲು ಸಿಗಲು ಹಿಡಿದ ದಿನಗಳು ಗಡುವಿನಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಅದಕ್ಕೇ ಕೊನೆಯ ಹಾಳೆಯ ಸೀಲಿನಲ್ಲಿ ಅರ್ಜಿ ಕೊಟ್ಟ ದಿನ, ನಕಲು ರೆಡಿಯಾದ ದಿನ ಎಲ್ಲ ಬರೆದಿರುತ್ತಾರೆ. ಅದನ್ನು ಓದಿ ನೋಡಿಕೊಳ್ಳಿ.

ಸರ್ಕಾರಿ ವಕೀಲರಿಗೆ ನಾನು ಮೊದಲು ಕೊಟ್ಟ ಮನವಿ ನಾಲ್ಕು ಪುಟ, ಪೂರ್ತಿ ನಮ್ಮ ಮನೆಯ ಕಷ್ಟ. ಅವರು ಓದಿ, "ನಿಮ್ಮ ಸಂಕಟ ಅರ್ಥ ಆಗುತ್ತಮ್ಮಾ, ಆದರೆ ತೀರ್ಪಿನಲ್ಲಿ ಶಿಕ್ಷೆ ಕಮ್ಮಿ ಮಾಡಲು ಏನು ಕಾರಣ ಬರೆದಿದ್ದಾರೆ ನೋಡಿ" ಅಂದರು. ರಾತ್ರಿ ಕೂತು ನೋಡಿದೆ. ತಪ್ಪು ಯಾರದು ಅನ್ನುವುದಕ್ಕೆ ಹದಿನಾಲ್ಕು ಪುಟ, ಶಿಕ್ಷೆಗೆ ಐದೇ ಸಾಲು: ಬಡವ, ಹೆಂಡತಿ ಮಕ್ಕಳಿದ್ದಾರೆ. ಟೆಂಪೊದ ಬ್ರೇಕ್ ಸರಿಯಿತ್ತು ಅಂತ ಐಎಂವಿ (ಮೋಟಾರು ವಾಹನ ಇನ್‌ಸ್ಪೆಕ್ಟರ್) ರಿಪೋರ್ಟ್ ಹೇಳಿತ್ತು, ಅಪ್ಪ ರಸ್ತೆ ಅಂಚಿನಲ್ಲಿದ್ದರು ಅಂತ ಸಾಕ್ಷಿ ಹೇಳಿದ್ದ. ಆ ಐದು ಸಾಲಿನಲ್ಲಿ ಇವೆರಡೂ ಇಲ್ಲ! ಅದನ್ನೇ ಬರೆದೆ, ಜೊತೆಗೆ ಅಡ್ಡಾದಿಡ್ಡಿ ಓಡಿಸಿ ಜೀವ ತೆಗೆದವರಿಗೆ ಮೆದುವಾಗಬಾರದು ಅಂದ ದಲ್ಬೀರ್ ಸಿಂಗ್ ಕೇಸನ್ನು (2000) ಸೇರಿಸಿದೆ. ಒಂದೂವರೆ ಪುಟದಲ್ಲಿ ಮುಗಿಯಿತು. ಆಮೇಲೆ ಫೈಲು ಎಲ್ಲಿದೆ ಅಂತ ಪ್ರತಿ ಸೋಮವಾರ ಹೋಗಿ ಕೇಳುತ್ತಿದ್ದೆ, ಸುಮ್ನೆ ಕೂತಿದ್ದರೆ ಗಡುವು ದಾಟುತ್ತಿತ್ತು.

ಒಂದು ವಿಷಯ ನನಗೆ ತುಂಬಾ ಭಯ ಹುಟ್ಟಿಸಿತು. ಇಂಥ ಅಪೀಲಿನಲ್ಲಿ ಆರೋಪಿಯ ಮಾತೂ ಕೇಳಲೇಬೇಕು, ಅವನು ಅಲ್ಲೇ ತನ್ನನ್ನು ಪೂರ್ತಿ ಬಿಡುಗಡೆ ಮಾಡಿ ಅಂತಲೂ ವಾದಿಸಬಹುದು. ನಮ್ಮ ಕೇಸಿನಲ್ಲಿ ಅವನ ವಕೀಲರು ಹಾಗೆ ವಾದಿಸಿದರು ಕೂಡ. ಆ ಎರಡು ವಾರ ಅಮ್ಮ ಸರಿಯಾಗಿ ಊಟ ಮಾಡಲಿಲ್ಲ.

ಸೆಷನ್ಸ್ ಕೋರ್ಟ್ ಆರು ತಿಂಗಳು ಸಾದಾ ಸಜೆ ಕೊಟ್ಟಿತು. "ನಿಮ್ಮಪ್ಪನ್ನ ಈಗ ಲೆಕ್ಕಕ್ಕೆ ತಗೊಂಡ್ರು ಅಲ್ವಾ" ಅಂದರು ಅಮ್ಮ.

ನಮ್ಮ ಅಪೀಲು ಹಳೆಯ ಸಿಆರ್‌ಪಿಸಿ (ಕ್ರಿಮಿನಲ್ ಕೇಸು ನಡೆಸುವ ವಿಧಾನದ ಕಾನೂನು) ಕಲಂ 377ರಲ್ಲಿ ನಡೆದದ್ದು. ಅದರ ಬದಲಿಗೆ 2024ರ ಜುಲೈ 1ರಿಂದ ಬಂದ ಬಿಎನ್‌ಎಸ್‌ಎಸ್‌ನಲ್ಲಿ ಅದು ಕಲಂ 418. ಆ ದಿನದಿಂದ ಈಚಿನ ಅಪಘಾತಕ್ಕೆ 304ಎ ಬದಲು ಹೊಸ ದಂಡ ಸಂಹಿತೆಯಾದ ಬಿಎನ್‌ಎಸ್‌ನ ಕಲಂ 106 ಬರುತ್ತದೆ, ಐದು ವರ್ಷದವರೆಗೆ ಜೈಲಿದೆ.