ಪೊಟ್ಯಾಶಿಯಂ 6.8: ಅಲರ್ಟ್ ಯಾರ ಕೈಗೆ ಹೋಗಬೇಕು?

ಬೆಂಗಳೂರಿನ ಆಸ್ಪತ್ರೆಯೊಂದರ ಬಯೋಕೆಮಿಸ್ಟ್ರಿ ಲ್ಯಾಬ್ ನನ್ನ ಜವಾಬ್ದಾರಿ. ಜೀವಕ್ಕೆ ಕುತ್ತು ತರುವಂಥ ರಿಸಲ್ಟ್ ಕಂಡರೆ ತಕ್ಷಣ ಡಾಕ್ಟರಿಗೆ ತಿಳಿಸಬೇಕು ಎಂದು ಅಮೆರಿಕದ ಪೆಥಾಲಜಿಸ್ಟ್ ಜಾರ್ಜ್ ಲುಂಡ್‌ಬರ್ಗ್ 1972ರಲ್ಲೇ ಬರೆದಿದ್ದರು. ನಮ್ಮಲ್ಲಿ ಅದು ಫೋನು, ರಿಜಿಸ್ಟರಿನ ಮೇಲೆ ನಡೆಯುತ್ತಿತ್ತು. ನೈಟ್ ಡ್ಯೂಟಿಯಲ್ಲಿ ಸಿಸ್ಟರ್ ಯಾವುದೋ ರೋಗಿಯ ಬಳಿ ಇರುತ್ತಾರೆ, ಫೋನು ಹೊಡೆದುಕೊಳ್ಳುತ್ತಲೇ ಇರುತ್ತದೆ. ಅದಕ್ಕೇ ಸಾಫ್ಟ್‌ವೇರಿನಿಂದ ನೇರ ಮೊಬೈಲಿಗೆ ಅಲರ್ಟ್ ಕಳಿಸಲು ಹೊರಟೆವು.

ಯಾವುದಕ್ಕೆ ಅಲರ್ಟ್ ಎಂಬುದಕ್ಕೇ ಹೆಚ್ಚು ಚರ್ಚೆಯಾಯಿತು. ಪ್ರತಿ ವಿಭಾಗವೂ ತನ್ನ ಟೆಸ್ಟ್ ಸೇರಿಸಿ ಎಂದಿತು. ನಾನು ಒಪ್ಪಲಿಲ್ಲ. ಡಯಾಲಿಸಿಸ್ ರೋಗಿಯ ಕ್ರಿಯಾಟಿನಿನ್ (ಕಿಡ್ನಿ ಕೆಲಸ ತೋರಿಸುವ ಟೆಸ್ಟ್) 9 ಇದೆ ಎಂದು, ಅವರಿಗೆ ಮಾಮೂಲಿಯಾದ ಅಂಕಿಗೇ ವಾರಕ್ಕೆ ಮೂರು ಸಲ ಮೊಬೈಲ್ ಕೂಗಿದರೆ, ಹೃದಯವನ್ನೇ ನಿಲ್ಲಿಸಬಲ್ಲ ಪೊಟ್ಯಾಶಿಯಂ 6.8 ಬಂದ ದಿನವೂ ಅದನ್ನು ಯಾರೂ ನೋಡುವುದಿಲ್ಲ. ಪೊಟ್ಯಾಶಿಯಂ, ಸೋಡಿಯಂ, ಗ್ಲೂಕೋಸ್, ಕ್ಯಾಲ್ಸಿಯಂ, ಹೀಗೆ ಕೆಲವನ್ನೇ ಇಟ್ಟೆವು.

ಪೊಟ್ಯಾಶಿಯಂ ಬಗ್ಗೆ ಇನ್ನೊಂದು ಮಾತು. ಊರಿನಾಚೆಯ ಕಲೆಕ್ಷನ್ ಸೆಂಟರಿನ ಸ್ಯಾಂಪಲ್ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ, ಸೀರಂ ಬೇರ್ಪಡಿಸದ ರಕ್ತಕಣಗಳಿಂದ ಪೊಟ್ಯಾಶಿಯಂ ಸೋರಿ ಲೆಕ್ಕ ಏರುತ್ತದೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕಿರುವ ಇಡಿಟಿಎ ಬೆರೆತರೂ ಏರುತ್ತದೆ, ಜೊತೆಗೆ ಕ್ಯಾಲ್ಸಿಯಂ ಕುಸಿಯುತ್ತದೆ. ಹಾಗಾಗಿ ಅಲರ್ಟಿನಲ್ಲೇ ರಕ್ತ ತೆಗೆದ ಸಮಯ, ಹೀಮೊಲೈಸ್ ಆಗಿದೆಯೇ (ರಕ್ತಕಣ ಒಡೆದಿದೆಯೇ) ಎಂಬುದನ್ನು ಸೇರಿಸಿದೆವು. ಅನುಮಾನವಿದೆಯೆಂದು ಅಲರ್ಟ್ ತಡೆಹಿಡಿಯುವುದಿಲ್ಲ. ಕಿಡ್ನಿ ರೋಗಿಯಲ್ಲಿ ಅದು ನಿಜವೇ ಆಗಿರಬಹುದು. ಇಸಿಜಿ ತೆಗೆಯಲಿ, ಇನ್ನೊಂದು ಸ್ಯಾಂಪಲ್ ಕಳಿಸಲಿ.

ಯಾರಿಗೆ ಕಳಿಸುವುದು? ಡ್ಯೂಟಿ ಪಟ್ಟಿಯಲ್ಲಿ ಒಬ್ಬರ ಹೆಸರು, ವಾರ್ಡಿನಲ್ಲಿ ಇನ್ನೊಬ್ಬರು. ಪಿಜಿಗಳು (ಸ್ನಾತಕೋತ್ತರ ಓದುತ್ತಿರುವ ಡಾಕ್ಟರುಗಳು) ಬಾಯಿಮಾತಿನಲ್ಲೇ ಡ್ಯೂಟಿ ಬದಲಿಸಿಕೊಳ್ಳುತ್ತಾರೆ. ವ್ಯಕ್ತಿಯ ನಂಬರ್ ಬಿಟ್ಟು, ಯೂನಿಟ್‌ಗೊಂದು ಡ್ಯೂಟಿ ಮೊಬೈಲ್ ಇಟ್ಟೆವು, ಪಾಳಿ ಬದಲಾದಾಗ ಕೈ ಬದಲಾಗುತ್ತದೆ. ನನ್ನ ಮಟ್ಟಿಗೆ ಸಾಫ್ಟ್‌ವೇರಿಗಿಂತ ಹೆಚ್ಚು ಕೆಲಸ ಮಾಡಿದ್ದು ಇದೇ. ನೋಡಿದವರು 'ತಿಳಿಯಿತು' ಒತ್ತಬೇಕು. ಹತ್ತು ನಿಮಿಷ ಒತ್ತದಿದ್ದರೆ ಸೀನಿಯರ್‌ಗೆ ಹೋಗುತ್ತದೆ. ಅಲ್ಲೂ ಉತ್ತರವಿಲ್ಲದಿದ್ದರೆ ನಮ್ಮ ಟೆಕ್ನಿಷಿಯನ್ ಫೋನ್ ಮಾಡಿ, ರೋಗಿಯ ಹೆಸರು, ಅಂಕಿ ಎರಡನ್ನೂ ಫೋನ್ ಎತ್ತಿದವರ ಬಾಯಿಂದ ಮತ್ತೆ ಹೇಳಿಸಿಕೊಳ್ಳುತ್ತಾರೆ.

ಓಪಿಡಿ ರೋಗಿಗಳಿಗೆ ಈ ಏರ್ಪಾಡು ಸಾಲದು. ಬೆಳಿಗ್ಗೆ ರಕ್ತ ಕೊಟ್ಟವರು ಸಂಜೆಗೆ ಕೋಲಾರದ ಬಸ್ಸಿನಲ್ಲಿರುತ್ತಾರೆ, ಕೊಟ್ಟ ನಂಬರ್ ಮಗನದು. ಈಗ ರಕ್ತ ತೆಗೆಯುವಾಗಲೇ "ಅಮ್ಮಾ, ರಾತ್ರಿ ಫೋನ್ ಮಾಡಿದರೆ ಎತ್ತೋರ ನಂಬರ್ ಕೊಡಿ" ಎಂದು ಕೇಳಿ ಬರೆದುಕೊಳ್ಳುತ್ತೇವೆ. ಆ ಕರೆಯನ್ನು ಡಾಕ್ಟರೇ ಮಾಡುತ್ತಾರೆ.